ಇಂಟರ್ನ್‌ಶಿಪ್ ಕಡ್ಡಾಯವಾಯಿತು, ಕಲಿಕೆಯ ಗುರಿ ಯಾರದು?



ಕಳೆದ ಕೆಲವು ತಿಂಗಳಲ್ಲಿ ಸಂಘದ ಕಚೇರಿಗೆ ಹತ್ತು ಹನ್ನೆರಡು ಮಂದಿ ಹೆತ್ತವರು ಒಂದೇ ಬೇಡಿಕೆ ಇಟ್ಟುಕೊಂಡು ಬಂದರು. "ಅಣ್ಣಾ, ಮಗಳಿಗೆ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಅಂತ ಒಂದು ಉಂಟಂತೆ. ಸಂಘದಲ್ಲಿ 60 ಗಂಟೆ ಕೆಲಸ ಮಾಡಿದ್ದಾಳೆ ಅಂತ ಒಂದು ಸರ್ಟಿಫಿಕೇಟು ಕೊಟ್ಟುಬಿಡಿ. ಲೆಟರ್‌ಹೆಡ್ಡೂ ಸೀಲೂ ನಿಮ್ಮ ಕೈಯಲ್ಲೇ ಉಂಟಲ್ಲ?" ಕೇಳಿದವರೆಲ್ಲ ಒಳ್ಳೆಯವರು. ವಾರ್ಷಿಕೋತ್ಸವಕ್ಕೆ ಚಪ್ಪರ ಹಾಕಿಸಿದವರು, ಊಟದ ದಿನ ಸೌಟು ಹಿಡಿದು ನಿಂತವರು. ಆದರೂ ನಾವು ಕೊಡಲಿಲ್ಲ. ಇಬ್ಬರು ಮುಖ ಸಿಂಡರಿಸಿಕೊಂಡು ಹೋದರು. ಒಬ್ಬರು ಈ ವರ್ಷದ ಚಂದಾ ಇನ್ನೂ ಕಟ್ಟಿಲ್ಲ. ಏಕೆ ಕೊಡಲಿಲ್ಲ ಎಂದು ಒಬ್ಬೊಬ್ಬರಿಗೂ ಬಾಗಿಲಲ್ಲಿ ನಿಂತು ಹೇಳುವುದಕ್ಕಿಂತ ಎಲ್ಲರಿಗೂ ಇಲ್ಲಿ ಬರೆಯುವುದು ಲೇಸು ಎನಿಸಿತು. ಈ ವಿಷಯ ಕಾಸರಗೋಡಿನದು ಮಾತ್ರ ಅಲ್ಲ. ಅಕ್ಕಲಕೋಟೆ, ಹೊಸೂರು, ಮಡಕಶಿರಾ ಕಡೆಯ ನಮ್ಮ ಸದಸ್ಯರೂ ಬೇರೆ ಬೇರೆ ಹೆಸರಿನಲ್ಲಿ ಇದನ್ನೇ ಎದುರಿಸುತ್ತಿದ್ದಾರೆ.

ಮೊದಲು ಆಗಿರುವುದೇನು ಎಂದು ನೋಡೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಯುಜಿಸಿ ಪದವಿಯ ಪಠ್ಯಕ್ರಮದ ಚೌಕಟ್ಟನ್ನು ಬದಲಾಯಿಸಿತು. ಅದರಲ್ಲಿ ಇಂಟರ್ನ್‌ಶಿಪ್‌ಗೂ ಕ್ರೆಡಿಟ್ ಉಂಟು. ಒಂದು ಕ್ರೆಡಿಟ್ಟಿಗೆ 30 ಗಂಟೆಯ ಲೆಕ್ಕದಲ್ಲಿ ಒಟ್ಟು 60ರಿಂದ 120 ಗಂಟೆ. ಕೇರಳದಲ್ಲಿ 2024ರ ಜುಲೈ 1ರಂದು ನಾಲ್ಕು ವರ್ಷದ ಪದವಿ ಕೋರ್ಸು ಶುರುವಾಯಿತು. ಅದರಲ್ಲಿ ಇಂಟರ್ನ್‌ಶಿಪ್‌ಗೆ ಎರಡು ಕ್ರೆಡಿಟ್. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಇದಕ್ಕೆ ಆನ್ ಜಾಬ್ ಟ್ರೈನಿಂಗ್ ಎನ್ನುತ್ತಾರೆ, ಮಕ್ಕಳ ಬಾಯಲ್ಲಿ ಅದು ಬರೀ ಓಜೆಟಿ. ತಮಿಳುನಾಡಿನಲ್ಲಿ 2022ರ ಮಾರ್ಚಿನಲ್ಲಿ ಆರಂಭವಾದ ನಾನ್ ಮುದಲ್ವನ್ ಯೋಜನೆ ಕಾಲೇಜು ಮಕ್ಕಳ ಕೌಶಲ ತರಬೇತಿಯನ್ನೂ ಇಂಟರ್ನ್‌ಶಿಪ್ಪನ್ನೂ ಸೇರಿಸಿಕೊಂಡಿದೆ. ಎಲ್ಲರಿಗಿಂತ ಉದ್ದದ ಹೆಜ್ಜೆ ಇಟ್ಟದ್ದು ಆಂಧ್ರಪ್ರದೇಶ. ಅಲ್ಲಿ 2020-21ರಿಂದ ಪದವಿಯೊಳಗೆ ಒಟ್ಟು 10 ತಿಂಗಳ ಇಂಟರ್ನ್‌ಶಿಪ್ ಎಂದು ನಿಯಮ ಮಾಡಿದರು: ಮೊದಲ ವರ್ಷದ ಬೇಸಿಗೆಯಲ್ಲಿ ಸಮುದಾಯ ಸೇವೆಯ ಕೆಲಸ, ಎರಡನೇ ವರ್ಷದ ಬೇಸಿಗೆಯಲ್ಲಿ ಇನ್ನೆರಡು ತಿಂಗಳು, ಕೊನೆಗೆ ಒಂದು ಇಡೀ ಸೆಮಿಸ್ಟರ್.

ಇದು ಓದುವ ಮಕ್ಕಳ ಮಾತು. ಓದು ಮುಗಿಸಿ ಮನೆಯಲ್ಲಿ ಕುಳಿತವರಿಗೆ ಬೇರೆ ಯೋಜನೆಗಳಿವೆ. 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ದೊಡ್ಡ 500 ಕಂಪನಿಗಳಲ್ಲಿ ಐದು ವರ್ಷದೊಳಗೆ ಒಂದು ಕೋಟಿ ಯುವಕರಿಗೆ ಇಂಟರ್ನ್‌ಶಿಪ್ ಎಂದು ಘೋಷಿಸಿತು. 21ರಿಂದ 24 ವರ್ಷದವರಿಗೆ, 12 ತಿಂಗಳು, ತಿಂಗಳಿಗೆ 5,000 ರೂಪಾಯಿ. ಮೊದಲ ಸುತ್ತಿನಲ್ಲಿ 82 ಸಾವಿರಕ್ಕೂ ಹೆಚ್ಚು ಮಂದಿಗೆ ಅವಕಾಶ ಕೊಟ್ಟರೆ ಒಪ್ಪಿದವರು ಸುಮಾರು 28 ಸಾವಿರ. ನಿಜವಾಗಿ ಹೋಗಿ ಸೇರಿದವರು ಅದಕ್ಕಿಂತ ಎಷ್ಟೋ ಕಡಿಮೆ. ಜಾಗ ದೂರ, ಅವಧಿ ಉದ್ದ, ಕೊಟ್ಟ ಕೆಲಸ ತಮಗೆ ಬೇಕಾದದ್ದಲ್ಲ ಎಂಬ ಕಾರಣಗಳು ಸಂಸತ್ತಿನಲ್ಲೇ ಬಂದವು. ಮಹಾರಾಷ್ಟ್ರದಲ್ಲಿ ಅದೇ ವರ್ಷ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆ ಬಂತು. ಪದವೀಧರರಿಗೆ ತಿಂಗಳಿಗೆ 10,000 ರೂಪಾಯಿ, ಹನ್ನೆರಡನೇ ತರಗತಿ ಪಾಸಾದವರಿಗೆ 6,000. ಆರು ತಿಂಗಳದ್ದನ್ನು ಆಮೇಲೆ ಹನ್ನೊಂದಕ್ಕೆ ಏರಿಸಿದರು. ಅವಧಿ ಮುಗಿದ ಮೇಲೆ "ನಮ್ಮನ್ನು ಕಾಯಂ ಮಾಡಿ" ಎಂದು ಆ ಮಕ್ಕಳು ಪ್ರತಿಭಟನೆಗೆ ಕುಳಿತದ್ದನ್ನೂ ಕಂಡೆವು. ಸರಕಾರದ ಮನಸ್ಸಿನಲ್ಲಿ ತರಬೇತಿ, ಮಕ್ಕಳ ಮನಸ್ಸಿನಲ್ಲಿ ನೌಕರಿ. ಇಬ್ಬರೂ ಒಮ್ಮೆಯೂ ಎದುರು ಬದುರು ಕುಳಿತು ಮಾತನಾಡಿರಲಿಲ್ಲ.

ಈ ಎಲ್ಲ ಯೋಜನೆಗಳಲ್ಲಿ ಗಂಟೆಗೆ ಲೆಕ್ಕ ಉಂಟು, ದಿನಕ್ಕೆ ಹಾಜರಿ ಉಂಟು, ಕೊನೆಗೆ ಸರ್ಟಿಫಿಕೇಟು ಉಂಟು. "ನೀನು ಇಲ್ಲಿಂದ ಏನು ಕಲಿತುಕೊಂಡು ಹೋಗಬೇಕು ಅಂತಿದ್ದಿ?" ಎಂದು ಮಗುವನ್ನು ಕೇಳುವ ಜಾಗ ಎಲ್ಲಿ? ಜಾಗ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆಂಧ್ರದ ಮಕ್ಕಳಿಗೆ ಕೊಡುವ ದಿನಚರಿ ಪುಸ್ತಕದಲ್ಲಿ ಪ್ರತಿದಿನಕ್ಕೂ ಒಂದು ಸಾಲು ಇದೆ: ದಿನಾಂಕ, ಆ ದಿನ ಮಾಡಿದ ಕೆಲಸ, ಅದರಿಂದ ಕಲಿತದ್ದು, ಮೇಲಧಿಕಾರಿಯ ಸಹಿ. ಮಡಕಶಿರಾ ಕಡೆಯ ಸದಸ್ಯರೊಬ್ಬರು ತಮ್ಮ ಸಂಬಂಧಿಕರ ಹುಡುಗನ ಪುಸ್ತಕದ ಫೋಟೋ ಕಳಿಸಿದ್ದರು. 'ಕಲಿತದ್ದು' ಎಂಬ ಕಾಲಮ್ಮಿನಲ್ಲಿ ಆರು ದಿನವೂ ಒಂದೇ ಇಂಗ್ಲಿಷ್ ವಾಕ್ಯ, ಕಚೇರಿಯ ಕಾರ್ಯವಿಧಾನದ ಜ್ಞಾನ ಪಡೆದೆ ಎಂಬ ಅರ್ಥದ್ದು. ಏಳನೇ ದಿನ ಭಾನುವಾರ, ಅಲ್ಲಿಯೂ ಅದೇ ವಾಕ್ಯ! ಕೇಳಿದರೆ ಹುಡುಗ ಹೇಳಿದನಂತೆ, ಹೋದ ವರ್ಷದ ಅಣ್ಣಂದಿರ ಪುಸ್ತಕ ನೋಡಿ ಬರೆದೆ ಎಂದು. ಆ ಅಣ್ಣಂದಿರೂ ಹಾಗೆಯೇ ಬರೆದಿರಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಸೀಲು ಒತ್ತಿದ ಕೈ ನಮ್ಮದು. ಸುಳ್ಳು ಕಾಗದ ಹೇಗೆ ಹುಟ್ಟುತ್ತದೆ ಎಂಬುದು ನಮಗೆ ಗೊತ್ತು. ಕೆಟ್ಟ ಬುದ್ಧಿಯಿಂದ ಹುಟ್ಟುವುದು ಕಡಿಮೆ. ತುಂಬಿಸಲೇಬೇಕಾದ ಕಾಲಂ ಇದೆ, ತುಂಬಿಸಲು ಏನೂ ಇಲ್ಲ ಎಂಬಲ್ಲಿ ಹುಟ್ಟುವುದೇ ಹೆಚ್ಚು.

ನಮ್ಮದೇ ಅನುಭವ ಹೇಳಿದರೆ ತಪ್ಪಾಗಲಾರದು. ನಾವು ಗುಮಾಸ್ತರಾಗಿ ಒಂದು ಕಚೇರಿಗೆ ಸೇರಿದಾಗ ಮೊದಲ ಮೂರು ತಿಂಗಳು ಬಂದ ತಪಾಲಿಗೆ ನಂಬರು ಹಾಕಿದ್ದು ಬಿಟ್ಟರೆ ಬೇರೆ ಏನೂ ಮಾಡಲಿಲ್ಲ. ಯಾರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ. ಕೇಳಬಹುದು ಎಂಬುದೇ ಹೊಳೆಯಲಿಲ್ಲ. ಆ ಕಾಗದ ಒಳಗೆ ಹೋಗಿ ಏನಾಗುತ್ತದೆ, ಯಾರ ಮೇಜಿನಲ್ಲಿ ಎಷ್ಟು ದಿನ ಕೂರುತ್ತದೆ, ಏಕೆ ತಿರುಗಿ ಬರುತ್ತದೆ ಎಂಬುದು ತಿಳಿದದ್ದು ಒಂದು ವರ್ಷದ ಮೇಲೆ, ಅದೂ ಒಬ್ಬರು ಹಿರಿಯ ಗುಮಾಸ್ತರು ರಜೆ ಹಾಕಿದ್ದರಿಂದ. ನಮಗೆ ಸಂಬಳ ಬರುತ್ತಿತ್ತು, ಮುಂದೆ ಮೂವತ್ತು ವರ್ಷ ಇತ್ತು, ನಿಧಾನವಾದರೂ ನಡೆಯಿತು. ಈಗಿನ ಮಗುವಿಗೆ ಇರುವುದು 60 ಗಂಟೆ. ದಿನಕ್ಕೆ ಆರು ಗಂಟೆಯೆಂದರೆ ಬರೀ ಹತ್ತು ದಿನ. ಆ ಹತ್ತು ದಿನ ಜೆರಾಕ್ಸ್ ಮಾಡಿ, ಚಾ ತಂದು ಕೊಟ್ಟು ಮುಗಿದರೆ ಹೋಯಿತು.

ಆದ್ದರಿಂದ ನಾವು ಹೇಳುವುದು ಇಷ್ಟು. ಇಂಟರ್ನ್‌ಶಿಪ್ಪಿಗೆ ಹೊರಡುವ ಮೊದಲು ಮಗು ತನ್ನ ಕಲಿಕೆಯ ಗುರಿಯನ್ನು ತಾನೇ ಬರೆಯಬೇಕು. ಕಾಲೇಜಿನ ಮಾದರಿ ನಕಲು ಮಾಡಿ ಅಲ್ಲ, ತನ್ನ ಮಾತಿನಲ್ಲಿ, ಮೊದಲು ಕನ್ನಡದಲ್ಲಿ. ಆಮೇಲೆ ಬೇಕಾದ ಭಾಷೆಗೆ ತಿರುಗಿಸಲಿ. ತಪ್ಪಾಗಿದೆ ಎಂಬ ಹೆದರಿಕೆಯಿಂದ ಇಂಗ್ಲಿಷಿನಲ್ಲಿ ಬರೆಯುವಾಗ ಮಕ್ಕಳು ತಮಗೆ ಬೇಕಾದದ್ದನ್ನು ಬರೆಯುವುದಿಲ್ಲ, ತಮಗೆ ಬರುವ ವಾಕ್ಯವನ್ನು ಬರೆಯುತ್ತಾರೆ.

ಸರ್ಟಿಫಿಕೇಟು ಕೇಳಲು ಬಂದವರಲ್ಲಿ ಒಬ್ಬರು ಮಾತ್ರ ನಮ್ಮ ಮಾತು ಕೇಳಿ ಮರುದಿನ ಮಗಳನ್ನೇ ಕಳಿಸಿದರು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಬಿ.ಎ. ಇತಿಹಾಸ. ಮಲಯಾಳ ಮಾತು ಚೆನ್ನಾಗಿ ಬರುತ್ತದೆ, ಓದುವುದು ನಿಧಾನ, ಬರೆಯಲು ಅಳುಕು. ಏನು ಕಲಿಯಬೇಕು ಅಂತಿದ್ದಿ ಮಗಾ ಎಂದು ಕೇಳಿದೆವು. ಮೊದಲ ಕಾಗದದಲ್ಲಿ ಬರೆದಳು: "ಕಚೇರಿಯ ಕಾರ್ಯವೈಖರಿ ತಿಳಿಯುವುದು. ಸಂವಹನ ಕೌಶಲ ಬೆಳೆಸಿಕೊಳ್ಳುವುದು. ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳುವುದು." ಮೂರೂ ಒಳ್ಳೆಯ ಮಾತೇ. ಆದರೆ ಹತ್ತನೇ ದಿನ ಸಂಜೆ ಆತ್ಮವಿಶ್ವಾಸ ಹೆಚ್ಚಾಯಿತೋ ಇಲ್ಲವೋ ಎಂದು ಯಾವ ತಕ್ಕಡಿಯಲ್ಲಿ ತೂಗುವುದು? ಹಾಗೆ ಕೇಳಿದಾಗ ಅವಳಿಗೆ ನಗು ಬಂತು. ಮನೆಯಲ್ಲಿ ಇಷ್ಟರಲ್ಲೇ ಆದ ಒಂದು ಸಂಗತಿಯನ್ನು ಆಮೇಲೆ ಹೇಳಿದಳು. ಅಜ್ಜನ ಕಾಲದ ಜಾಗದ ದಸ್ತಾವೇಜು ಕನ್ನಡದಲ್ಲಿದೆ. ಡಿಜಿಟಲ್ ಸರ್ವೆಯವರು ಬಂದಾಗ ಅದನ್ನು ತೆಗೆದರೆ ಬಂದ ಅಧಿಕಾರಿಗೂ ಓದಲು ಬರಲಿಲ್ಲ, ಮನೆಯವರಿಗೂ ಓದಲು ಆಗಲಿಲ್ಲ. "ನಂಗೆ ಅದನ್ನು ಓದಲಿಕ್ಕೆ ಕಲಿಯಬೇಕು" ಎಂದಳು.

ಇದನ್ನು ಕಾಸರಗೋಡಿನ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1956ರ ನವೆಂಬರ್ 1ಕ್ಕೆ ಮೊದಲು ಈ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಾಲದ ಜಾಗದ ಕಾಗದಗಳು ಕನ್ನಡದಲ್ಲಿವೆ. ಅದರಲ್ಲಿ ಬರುವ ಮೂಲಗೇಣಿ, ಚಾಲಗೇಣಿ, ವರ್ಗ, ಕುಮ್ಕಿ ಎಂಬ ಶಬ್ದಗಳು ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ನೌಕರರಿಗೆ ಗೊತ್ತಿರುವುದಿಲ್ಲ, ಅವರ ತಪ್ಪೂ ಅಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ಇಲ್ಲ. ಆದರೂ ಹಕ್ಕಿನ ಮೂಲ ಹುಡುಕುತ್ತ ಹಿಂದೆ ಹೋದರೆ ಈ ಶಬ್ದಗಳ ಎದುರೇ ಹೋಗಿ ನಿಲ್ಲಬೇಕು. 2022ರಲ್ಲಿ ರಾಜ್ಯದಲ್ಲಿ ಡಿಜಿಟಲ್ ಸರ್ವೆ ಶುರುವಾದ ಮೇಲೆ ಪೆಟ್ಟಿಗೆಯ ತಳದಲ್ಲಿದ್ದ ಕಾಗದಗಳೆಲ್ಲ ಹೊರಗೆ ಬಂದಿವೆ. ಓದುವವರು ಕಡಿಮೆ.

ಅವಳು ಎರಡನೆಯ ಬಾರಿ ಬರೆದ ಗುರಿಗಳು ಹೀಗಿದ್ದವು. ಒಂದು, ಹತ್ತು ಹಳೆಯ ಕನ್ನಡ ದಸ್ತಾವೇಜು ಓದಿ, ಕೊಟ್ಟವರು ಯಾರು, ಪಡೆದವರು ಯಾರು, ಜಾಗ ಎಷ್ಟು, ಹಕ್ಕು ಯಾವುದು ಎಂಬುದನ್ನು ಪ್ರತಿಯೊಂದಕ್ಕೂ ಅರ್ಧ ಪುಟ ಮಲಯಾಳದಲ್ಲಿ ಬರೆಯುವುದು. ಎರಡು, ಅದರಲ್ಲಿ ಬರುವ ಶಬ್ದಗಳ ಪಟ್ಟಿ ಮಾಡಿ ಎದುರಿಗೆ ಮಲಯಾಳ ಅರ್ಥ ಬರೆಯುವುದು. ಮೂರು, ಕನಿಷ್ಠ ಇಬ್ಬರು ಕಕ್ಷಿದಾರರಿಗೆ ಅವರ ಕಾಗದದಲ್ಲಿ ಏನಿದೆ ಎಂದು ಬಾಯಲ್ಲಿ ವಿವರಿಸಿ ಹೇಳುವುದು. ನಮ್ಮ ಸದಸ್ಯರೊಬ್ಬರ ಪರಿಚಯದ ದಸ್ತಾವೇಜು ಬರಹಗಾರರು ತಮ್ಮ ಕಚೇರಿಯಲ್ಲಿ ಕೂರಲು ಒಪ್ಪಿದರು. ಕಾಲೇಜಿನ ಅಧ್ಯಾಪಕರೂ ಸಹಿ ಹಾಕಿದರು. ಮೊದಲ ದಿನವೇ ಆ ಕಾಗದವನ್ನು ಬರಹಗಾರರ ಮೇಜಿನ ಗಾಜಿನ ಕೆಳಗೆ ಇಟ್ಟರಂತೆ.

ಹತ್ತು ದಿನದ ಮೇಲೆ ಹತ್ತರಲ್ಲಿ ಏಳು ಕಾಗದ ಓದಿ ಮುಗಿದಿತ್ತು. ಉಳಿದ ಮೂರು ಮೋಡಿ ಅಕ್ಷರದ ಕೈಬರಹ. ಅವಳಿಗೆ ಬಿಡಿ, ಬರಹಗಾರರಿಗೂ ನಮಗೂ ಪೂರ್ತಿ ಓದಲಾಗಲಿಲ್ಲ. ವರದಿಯಲ್ಲಿ ಏಳು ಎಂದೇ ಬರೆಸಿದೆವು. ಹತ್ತು ಎಂದು ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಅವಳ ಅಪ್ಪ ಹೇಳಿದರು. ಅದು ನಿಜವೇ. ಆದರೆ ಉಳಿದ ಮೂರು ಕಾಗದ ಏಕೆ ಓದಲಾಗಲಿಲ್ಲ ಎಂದು ಅವಳು ಬರೆದ ಒಂದು ಪುಟವೇ ಇಡೀ ವರದಿಯಲ್ಲಿ ನಮಗೆ ಹೆಚ್ಚು ಹಿಡಿಸಿತು. ಶಬ್ದಪಟ್ಟಿಯಲ್ಲಿ 64 ಶಬ್ದ ಆಗಿದೆ. ಅದರ ಪ್ರತಿ ಸಂಘದಲ್ಲಿದೆ, ಬೇಕಾದವರು ಬಂದು ನೋಡಬಹುದು.

ಎಲ್ಲವೂ ಹೀಗೆ ಸರಿಹೋಗಲಿಲ್ಲ. ಬಿ.ಕಾಂ. ಹುಡುಗನೊಬ್ಬ ಮಂಗಳೂರಿನ ಒಂದು ಸಂಸ್ಥೆಗೆ ಹೋಗುವ ಮೊದಲು "ಜಿಎಸ್‌ಟಿ ಪೂರ್ತಿ ಕಲಿಯುವುದು" ಎಂದು ಬರೆದಿದ್ದ. ಜಿಎಸ್‌ಟಿ ಪೂರ್ತಿ ಕಲಿತವರನ್ನು ನಾವು ಈ ತನಕ ಕಂಡಿಲ್ಲ. ಕಡಿಮೆ ಮಾಡಪ್ಪಾ, ಒಂದು ಅಂಗಡಿಯ ಒಂದು ತಿಂಗಳ ಬಿಲ್ಲುಗಳನ್ನು ತೆಗೆದು ರಿಟರ್ನ್ ತಯಾರಿಸುವುದು ಎಂದು ಬರೆ ಎಂದರೆ ಕೇಳಲಿಲ್ಲ, ಅದು ಚಿಕ್ಕದಾಯಿತು ಎಂದ. ಹೋದ, ಮೊದಲ ವಾರ ಫೈಲು ಜೋಡಿಸಿದ, ಎರಡನೇ ವಾರ ಬಸ್ಸಿನ ಖರ್ಚೇ ಹೆಚ್ಚಾಯಿತೆಂದು ಬಿಟ್ಟ. ತಪ್ಪು ಅವನೊಬ್ಬನದಲ್ಲ. ಅವನಿಗೆ ಏನು ಕಲಿಯಬೇಕಾಗಿದೆ ಎಂದು ಆ ಸಂಸ್ಥೆಯವರು ಕೇಳಲಿಲ್ಲ, ಅವನೂ ಕಾಗದ ತೋರಿಸಲಿಲ್ಲ. ಪೆಟ್ಟಿಗೆಯಲ್ಲಿಟ್ಟ ಗುರಿಯಿಂದ ಪ್ರಯೋಜನವಿಲ್ಲ. ಮೊದಲ ದಿನ ಅಲ್ಲಿನ ಹಿರಿಯರ ಕೈಗೆ ಕೊಟ್ಟು, "ಸಾರ್, ಇದಿಷ್ಟು ನನಗೆ ಕಲಿಯಬೇಕು, ಇದರಲ್ಲಿ ಯಾವುದು ಇಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ?" ಎಂದು ಕೇಳಬೇಕು. ಮಕ್ಕಳಿಗೆ ಇದು ಅಧಿಕಪ್ರಸಂಗ ಎನಿಸುತ್ತದೆ. ನಮಗೂ ಆ ವಯಸ್ಸಿನಲ್ಲಿ ಹಾಗೆಯೇ ಎನಿಸುತ್ತಿತ್ತು. ಆದರೆ ಮೇಜಿನ ಈಚೆ ಬದಿಯಲ್ಲಿ ವರ್ಷಗಟ್ಟಲೆ ಕುಳಿತವರಾಗಿ ಹೇಳುತ್ತೇವೆ, ಕಾಗದ ಹಿಡಿದುಕೊಂಡು ಬಂದ ಹುಡುಗನಿಗೆ ಕೆಲಸ ಹೇಳುವುದು ಸುಲಭ. ಬರಿಗೈಯಲ್ಲಿ ಬಂದವನನ್ನು ಏನು ಮಾಡಬೇಕೆಂದು ತೋಚದೆ ಜೆರಾಕ್ಸಿಗೆ ಕಳಿಸುತ್ತೇವೆ.

ಎಷ್ಟು ಗುರಿ ಎಂದು ಕೆಲವರು ಕೇಳುತ್ತಾರೆ. 60 ಗಂಟೆಗೆ ಎರಡೋ ಮೂರೋ ಸಾಕು. ಆಂಧ್ರದ ಮಕ್ಕಳ ಹಾಗೆ ಒಂದು ಸೆಮಿಸ್ಟರ್ ಇದ್ದರೆ ಐದಾರು ಇರಲಿ, ಎರಡು ತಿಂಗಳಾದ ಮೇಲೆ ಮತ್ತೆ ಕುಳಿತು ಕೆಲವನ್ನು ಹೊಡೆದು ಹಾಕಿ ಹೊಸದನ್ನು ಬರೆಯಲಿ. ಮೊದಲ ದಿನ ಬರೆದದ್ದು ಕಚೇರಿಯ ಒಳಗೆ ಕಾಲಿಡುವ ಮೊದಲು ಬರೆದದ್ದು, ಅದು ಬದಲಾಗುವುದು ಸಹಜ. ಪ್ರತಿ ಗುರಿಗೂ ಕೊನೆಯಲ್ಲಿ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನಾದರೂ ಇರಬೇಕು: ತುಂಬಿಸಿದ ಒಂದು ಫಾರಂ, ಒಂದು ಪಟ್ಟಿ, ಒಂದು ನಕ್ಷೆ, ಒಂದು ಲೆಕ್ಕ. ಮತ್ತೆ, ಅದನ್ನು ಯಾರಿಂದ ಕಲಿಯುವುದು ಎಂದೂ ಬರೆದಿರಬೇಕು. ಸಹಕಾರಿ ಬ್ಯಾಂಕಿಗೆ ಹೋದ ಮಗು ಮೆನೇಜರರಿಂದಲೇ ಕಲಿಯಬೇಕೆಂದಿಲ್ಲ. ಅಡವಿಗೆ ಬಂದ ಚಿನ್ನವನ್ನು ಒರೆಗೆ ಹಚ್ಚಿ ನೋಡುವವರ ಬಳಿ ಎರಡು ದಿನ ಕುಳಿತರೆ ಸಾಲದ ವಿಷಯದಲ್ಲಿ ಪುಸ್ತಕದಲ್ಲಿಲ್ಲದ ಎಷ್ಟೋ ಸಿಗುತ್ತದೆ.

ಈಗ ನಮ್ಮ ಸಮಿತಿಯ ಸಭೆಯಲ್ಲಿ ಬಿಸಿಬಿಸಿ ಚರ್ಚೆಯಾದ ವಿಷಯಕ್ಕೆ ಬರುತ್ತೇವೆ. ಗಡಿಯ ಪ್ರತಿ ಮಗುವಿನ ಗುರಿಗಳಲ್ಲಿ ಒಂದು ಭಾಷೆಗೆ ಸಂಬಂಧಿಸಿದ್ದಾಗಿರಲಿ ಎಂದು ನಾವು ಸೂಚಿಸಿದೆವು. ಎಂದರೆ, ಆ ಕಚೇರಿಯ ಕಾಗದಪತ್ರದ ಭಾಷೆ, ಕಾಸರಗೋಡಿನಲ್ಲಿ ಮಲಯಾಳ, ಅಕ್ಕಲಕೋಟೆ ಜತ್ತಿನಲ್ಲಿ ಮರಾಠಿ, ಹೊಸೂರು ತಾಳವಾಡಿಯಲ್ಲಿ ತಮಿಳು, ಆದವಾನಿ ರಾಯದುರ್ಗದಲ್ಲಿ ತೆಲುಗು, ಕೆಲಸಕ್ಕೆ ಬೇಕಾದಷ್ಟು ಓದಿ ಬರೆಯಲು ಕಲಿಯುವುದು. ಜೊತೆಗೆ ಅದೇ ವಿಷಯವನ್ನು ಕನ್ನಡದಲ್ಲಿ ಹೇಳಲು ಕಲಿಯುವುದು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಅಲ್ಲ ಮಾರಾಯ್ರೆ, 2017ರಲ್ಲಿ ಮಲಯಾಳ ಕಡ್ಡಾಯದ ಕಾಯ್ದೆ ಬಂದಾಗ ಧರಣಿ ಕೂತವರು ನಾವು. ಈಗ ಕನ್ನಡ ಸಂಘವೇ ಮಲಯಾಳ ಕಲಿಯಿರಿ ಅಂತ ಹೇಳುವುದಾ?" ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಅವರು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡವರು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದಾಗ ಬೀದಿಗಿಳಿದವರು. ಸಭೆಯಲ್ಲಿ ಅರ್ಧ ಮಂದಿ ಅವರ ಪರವಾಗಿಯೇ ಇದ್ದರು.

ಆದರೂ ನಾವು ನಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಮೇಲಿನಿಂದ ಹೇರಿದ್ದು ಒಂದು, ಮಗು ತನ್ನ ಕೆಲಸಕ್ಕೆ ಬೇಕೆಂದು ತಾನೇ ಗುರಿಯಾಗಿ ಬರೆದುಕೊಂಡದ್ದು ಇನ್ನೊಂದು. ಧರಣಿ ಕೂತದ್ದು ಭಾಷೆಯ ಮೇಲಿನ ಸಿಟ್ಟಿಗಲ್ಲ, ಕನ್ನಡದ ಜಾಗ ಕಸಿಯುತ್ತಾರೆಂಬ ಕಾರಣಕ್ಕೆ. ಕೇರಳ ಪಿಎಸ್‌ಸಿ ಕಾಸರಗೋಡು ಜಿಲ್ಲೆಗೆ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಆ ಹುದ್ದೆ ಉಳಿಸಿಕೊಂಡದ್ದು ನಮ್ಮ ಹಿರಿಯರ ಹೋರಾಟದ ಫಲ. ಅದರಲ್ಲಿ ಕೂರಲು ಎರಡೂ ಭಾಷೆಯ ಕಚೇರಿಯ ಪದಗಳು ತಿಳಿದ ಮಕ್ಕಳು ಬೇಕು. ಕನ್ನಡ ಮಾತ್ರ ಬಂದರೂ ಸಾಲದು, ಮಲಯಾಳ ಮಾತ್ರ ಬಂದರೂ ಸಾಲದು. ಎರಡರ ನಡುವೆ ಕಾಗದವನ್ನು ದಾಟಿಸಲು ಬರುವವರು ನಮ್ಮ ಮನೆಗಳಲ್ಲೇ ಇದ್ದಾರೆ, ಆದರೆ ಅದೊಂದು ವಿದ್ಯೆ ಎಂದು ಅವರಿಗೇ ಗೊತ್ತಿಲ್ಲ. ಬಯೋಡೇಟಾದಲ್ಲಿ ಕನ್ನಡ ಮಾಧ್ಯಮ ಎಂದು ಬರೆಯಲೂ ನಾಚುವ ಮಕ್ಕಳನ್ನು ಕಂಡಿದ್ದೇವೆ.

ಅದೊಂದು ವಿದ್ಯೆ ಹೌದೋ ಅಲ್ಲವೋ ಎಂದು ಸಂಶಯವಿದ್ದವರು 'ಅವಸರ' ಎಂಬ ಒಂದು ಶಬ್ದ ತೆಗೆದುಕೊಳ್ಳಿ. ನಮಗೆ ಅದು ಗಡಿಬಿಡಿ, ತಮಿಳಿನಲ್ಲೂ ತುರ್ತು. ತೆಲುಗಿನಲ್ಲಿ ಅದೇ ಶಬ್ದ 'ಬೇಕಾದದ್ದು, ಅಗತ್ಯ'. ಮಲಯಾಳಕ್ಕೆ ಬಂದರೆ 'ಅವಕಾಶ'. ಮಲಯಾಳದ ಜಾಹೀರಾತಿನಲ್ಲಿ ಕೆಲಸದ ಅವಸರ ಎಂದಿದ್ದರೆ ನಮ್ಮ ಮಗು ಅವರಿಗೇನೋ ಗಡಿಬಿಡಿ ಎಂದುಕೊಳ್ಳುತ್ತದೆ! ಮಲಯಾಳದ 'ಅಪೇಕ್ಷ' ಎಂದರೆ ಅರ್ಜಿ, ನಮ್ಮ ಅಪೇಕ್ಷೆ ಅಲ್ಲ. ಅಲ್ಲಿನ 'ಆಧಾರಂ' ಎಂದರೆ ಜಾಗದ ದಸ್ತಾವೇಜು. ಈಗ ಆಧಾರ್ ಕಾರ್ಡು ಬಂದ ಮೇಲೆ ಕೌಂಟರಿನಲ್ಲಿ ಆಗುವ ಗೊಂದಲ ಕೇಳುವುದೇ ಬೇಡ. ತೆಲುಗಿನ 'ದರಖಾಸ್ತು' ಯಾವ ಅರ್ಜಿಯೂ ಆಗಬಹುದು, ನಮ್ಮಲ್ಲಿ ದರಖಾಸ್ತು ಎಂದರೆ ಸರಕಾರಿ ಜಾಗ ಕೇಳಿ ಹಾಕುವ ಅರ್ಜಿ. ಮರಾಠಿಯಲ್ಲಿ 'ತಕ್ರಾರ್' ಎಂದರೆ ದೂರು, ನಮ್ಮಲ್ಲಿ ತಕರಾರು ಎಂದರೆ ಆಕ್ಷೇಪ, ಜಗಳ. ನಾವು ಸೇವೆಯಲ್ಲಿದ್ದಾಗ ಇಂಥ ಒಂದು ಶಬ್ದದಿಂದ ಒಂದು ಮನೆಯವರ ಕಾಗದ ಎಂಟು ತಿಂಗಳು ಸುಮ್ಮನೆ ಬಿದ್ದಿತ್ತು. ದಿನಕ್ಕೆ ಇಂಥ ಐದು ಶಬ್ದ ಬರೆದುಕೊಂಡರೆ ಹತ್ತು ದಿನಕ್ಕೆ ಐವತ್ತು. ಇದೂ ಒಂದು ಗುರಿಯೇ, ಎಣಿಸಿ ನೋಡಲು ಬರುತ್ತದೆ.

ಸಭೆ ಕೊನೆಗೆ ಒಂದು ತಿದ್ದುಪಡಿಯೊಂದಿಗೆ ಒಪ್ಪಿತು. ಭಾಷೆಯ ಗುರಿ ಎರಡೂ ಕಡೆಯದಾಗಿರಬೇಕು, ರಾಜ್ಯದ ಭಾಷೆ ಕಲಿಯುವುದರ ಜೊತೆಗೆ ಕನ್ನಡದಲ್ಲಿ ಏನಾದರೊಂದು ಬರೆದು ಒಪ್ಪಿಸಲೇಬೇಕು ಎಂದು. ಎದ್ದು ನಿಂತ ಹಿರಿಯರೇ ಈ ತಿದ್ದುಪಡಿ ಸೂಚಿಸಿದರು. ನಮ್ಮ ಮೂಲ ಸೂಚನೆಗಿಂತ ಇದು ಚೆನ್ನಾಗಿದೆ.

ಗುರಿ ಬರೆದ ಮಾತ್ರಕ್ಕೆ ಎಲ್ಲ ಆಗುವುದಿಲ್ಲ ಎಂಬುದು ನಮಗೂ ಗೊತ್ತು. ಒಳ ಊರಿನ ಮಗುವಿಗೆ ಪೇಟೆಗೆ ಬರಲು ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಕಾಲೇಜಿನ ಇಂಟರ್ನ್‌ಶಿಪ್ಪಿಗೆ ಹೆಚ್ಚಾಗಿ ಒಂದು ಪೈಸೆ ಸಿಗುವುದಿಲ್ಲ. ಅಪ್ರೆಂಟಿಸ್ ಆದವರಿಗೆ 1961ರ ಕಾಯ್ದೆಯ ಬೆಂಬಲ, ಕರಾರು, ಸ್ಟೈಪೆಂಡು ಉಂಟು. ಇಂಟರ್ನ್ ಆದವರಿಗೆ ಅಂಥದ್ದೇನೂ ಇಲ್ಲ. ಒಬ್ಬ ಅಧ್ಯಾಪಕರ ತಲೆಗೆ ಐವತ್ತು ಮಕ್ಕಳನ್ನು ಕಟ್ಟಿದರೆ ಅವರು ಯಾರ ಗುರಿಯನ್ನು ಓದುವುದು? ಸರಕಾರಗಳು ಗಂಟೆ ನಿಗದಿ ಮಾಡಿದವು, ಜಾಗ ಹುಡುಕುವ ಕೆಲಸವನ್ನು ಮಕ್ಕಳ ಮೇಲೆ ಬಿಟ್ಟವು. ಪೇಟೆಯಲ್ಲಿ ಪರಿಚಯ ಇರುವ ಮನೆಯ ಮಗುವಿಗೆ ಬ್ಯಾಂಕು ಸಿಗುತ್ತದೆ, ಇಲ್ಲದವರು ಸರ್ಟಿಫಿಕೇಟು ಹುಡುಕಿಕೊಂಡು ಸಂಘದ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಬಂದವರ ಮೇಲೆ ನಮಗೆ ಸಿಟ್ಟಿಲ್ಲ. ಹೆಣ್ಣುಮಕ್ಕಳ ಹೆತ್ತವರಿಗೆ ಇನ್ನೊಂದು ಮಾತು: ಕೆಲಸದ ಹೊತ್ತು, ಹಿಂತಿರುಗುವ ಬಸ್ಸು, ಅಲ್ಲಿ ಯಾರ ಕೈಕೆಳಗೆ ಇರುವುದು ಎಂಬುದನ್ನು ಗುರಿಯ ಕಾಗದದಲ್ಲೇ ಮೇಲ್ಭಾಗದಲ್ಲಿ ಬರೆಸಿ ಎರಡೂ ಕಡೆ ಸಹಿ ಮಾಡಿಸಿ. ನಾವು ಈಗ ಹಾಗೆಯೇ ಮಾಡುತ್ತಿದ್ದೇವೆ.

ಸದಸ್ಯರಲ್ಲಿ ಅಂಗಡಿ, ಪ್ರೆಸ್ಸು, ಲೆಕ್ಕಪರಿಶೋಧಕರ ಕಚೇರಿ, ವಕೀಲರ ಕಚೇರಿ, ಅಡಕೆ ಖರೀದಿ, ನರ್ಸರಿ, ಮೆಡಿಕಲ್ ಶಾಪು ನಡೆಸುವವರು ಕಡಿಮೆಯೇನಿಲ್ಲ. ವರ್ಷಕ್ಕೆ ಒಂದು ಮಗುವನ್ನು ಹತ್ತು ದಿನ ಕೂರಿಸಿಕೊಂಡು, ಅದು ಬರೆದು ತಂದ ಎರಡು ಮೂರು ಸಂಗತಿಗಳನ್ನು ಕಲಿಸಿಕೊಡುತ್ತೇನೆ ಎನ್ನುವವರು ಹೆಸರು ಕೊಡಿ. ಇಲ್ಲಿಯವರೆಗೆ ಒಂಬತ್ತು ಮಂದಿ ಕೊಟ್ಟಿದ್ದಾರೆ, ಏಳು ಮಂದಿ ಕಾಸರಗೋಡು ಮಂಜೇಶ್ವರದವರು, ಹೊಸೂರಿನವರು ಇಬ್ಬರು. ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ ಕಡೆಯಿಂದ ಇನ್ನೂ ಯಾರೂ ಇಲ್ಲ. ನಿವೃತ್ತರಾದ ಗುಮಾಸ್ತರು, ಶಾನುಭೋಗರ ಮನೆತನದವರು, ಮೋಡಿ ಅಕ್ಷರ ಓದಲು ಬರುವವರು ಎಲ್ಲಿದ್ದರೂ ದಯವಿಟ್ಟು ತಿಳಿಸಿ. ಮೂರು ಕಾಗದ ಇನ್ನೂ ಬಾಕಿ ಉಂಟು.

ಸಂಘದಲ್ಲಿಯೇ ಕೆಲಸ ಮಾಡಲು ಬರುವ ಮಕ್ಕಳಿಗೆ ಗ್ರಂಥಾಲಯದ ಪಟ್ಟಿ, ಹಳೆಯ ಸಭಾ ನಡಾವಳಿಗಳ ಸೂಚಿ, ಈ ಪುಟದ ಕಾರ್ಯಕ್ರಮಗಳ ವರದಿ, ಇಷ್ಟು ಕೆಲಸ ಇದೆ. ಒಮ್ಮೆಗೆ ಇಬ್ಬರಿಗೆ ಮಾತ್ರ ಜಾಗ. ಗುರಿ ಬರೆಯುವ ಫಾರಂ ಭಾನುವಾರ ಬೆಳಿಗ್ಗೆ 10ರಿಂದ 12ರ ತನಕ ಕಚೇರಿಯಲ್ಲಿ ಸಿಗುತ್ತದೆ, ಒಂದೇ ಪುಟದ್ದು. ದೂರದ ಊರಿನವರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸುತ್ತೇವೆ. ಮಕ್ಕಳೇ ಬರಲಿ, ತಮ್ಮ ಕೈಯಲ್ಲೇ ಬರೆಯಲಿ. ಹೆತ್ತವರು ತುಂಬಿಸಿ ತಂದ ಫಾರಂ ತೆಗೆದುಕೊಳ್ಳುವುದಿಲ್ಲ.